ದೋಷಾರೋಪಣ ಪಟ್ಟಿಯ ಹೊರಗುಳಿದ ಕಾಗದಗಳು

ಕೆಲವು ವರ್ಷಗಳ ಹಿಂದೆ ಒಂದು ಹಲ್ಲೆ ಪ್ರಕರಣದಲ್ಲಿ ನಾನು ಆರೋಪಿಯ ಪರ ವಕಾಲತ್ತು ಹಾಕಿದ್ದೆ. ದೋಷಾರೋಪಣ ಪಟ್ಟಿಯ (ಚಾರ್ಜ್‌ಶೀಟ್) ಪ್ರತಿ ಕೈಸೇರಿದ ಸಂಜೆ ಹುಡುಗನ ತಂದೆ ಕಚೇರಿಗೆ ಬಂದರು. ಒಂದೊಂದೇ ಹಾಳೆ ತಿರುವಿ, ಕೊನೆಯವರೆಗೂ ನೋಡಿ, "ಸಾರ್, ಬೇಕರಿಯ ಕ್ಯಾಮೆರಾ ಪೆಟ್ಟಿಗೆಯನ್ನು ಪೊಲೀಸರು ಬಿಚ್ಚಿಕೊಂಡು ಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅದು ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ. ಜಪ್ತಿ ಮಹಜರಿನಲ್ಲಿ ಚಾಕು ಇತ್ತು, ಕಲೆಯಾದ ಅಂಗಿ ಇತ್ತು, ಎರಡು ಮೊಬೈಲ್ ಇದ್ದವು. ಆ ಪೆಟ್ಟಿಗೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ತನಿಖಾಧಿಕಾರಿಯ ಪಾಟೀಸವಾಲಿಗೆ ಸರದಿ ಬರುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ಅವರು "ನೆನಪಿಲ್ಲ" ಎಂದರು. ಆ ದೃಶ್ಯಗಳು ನಮ್ಮ ಹುಡುಗನನ್ನು ಉಳಿಸುತ್ತಿದ್ದವೋ ಮುಳುಗಿಸುತ್ತಿದ್ದವೋ ನನಗೆ ಇಂದಿಗೂ ತಿಳಿಯದು. ಅದನ್ನು ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು.

ಪೊಲೀಸರು ಆರೋಪಕ್ಕೆ ಆಧಾರವಾಗಿ ತಾವು ನೆಚ್ಚಿಕೊಂಡ ದಾಖಲೆಗಳ ಪ್ರತಿಯನ್ನು ಆರೋಪಿಗೆ ಕೊಡಬೇಕು ಎಂಬುದು ಹಳೆಯ ಕಾನೂನು. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 207ನೇ ಕಲಮಿನಲ್ಲಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮಿನಲ್ಲಿದೆ, ಜೊತೆಗೆ 14 ದಿನಗಳ ಗಡುವೂ ಸೇರಿದೆ. ಆದರೆ ಸಂಗ್ರಹಿಸಿಯೂ ನೆಚ್ಚಿಕೊಳ್ಳದೆ ಬಿಟ್ಟ ದಾಖಲೆಗಳ ಗತಿ ಏನು? ಕಲಮಿನ ಅಕ್ಷರಗಳಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ. ಉತ್ತರ ಬಂದದ್ದು ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ಒಂದು ನಿಯಮಾವಳಿಯಿಂದ. ವಕೀಲರಲ್ಲೇ ಎಷ್ಟೋ ಮಂದಿ ಅದನ್ನು ಪೂರ್ತಿ ಓದಿಲ್ಲ ಎಂಬುದು ನನ್ನ ದುಃಖ.

2017ರ ಮಾರ್ಚ್‌ನಲ್ಲಿ ಒಂದು ಕ್ರಿಮಿನಲ್ ಮೇಲ್ಮನವಿಯನ್ನು ಕೇಳುತ್ತಿದ್ದಾಗ ಸುಪ್ರೀಂ ಕೋರ್ಟ್, ದೇಶದ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷ್ಯ ಬರೆದುಕೊಳ್ಳುವ, ದಾಖಲೆ ಗುರುತಿಸುವ ಪದ್ಧತಿಗಳು ಒಂದೊಂದು ಕಡೆ ಒಂದೊಂದು ರೀತಿ ಇರುವುದನ್ನು ಗಮನಿಸಿ, ಸ್ವಯಂಪ್ರೇರಿತ ಅರ್ಜಿಯನ್ನು ಕೈಗೆತ್ತಿಕೊಂಡಿತು. ಸಿದ್ಧಾರ್ಥ್ ಲೂತ್ರಾ, ಆರ್. ಬಸಂತ್ ಮತ್ತು ಕೆ. ಪರಮೇಶ್ವರ್ ನ್ಯಾಯಾಲಯದ ಸಹಾಯಕರಾಗಿ ಕೆಲಸ ಮಾಡಿದರು. ರಾಜ್ಯ ಸರ್ಕಾರಗಳ ಮತ್ತು ಹೈಕೋರ್ಟ್‌ಗಳ ಅಭಿಪ್ರಾಯ ಪಡೆದ ಮೇಲೆ ಸಿದ್ಧವಾದದ್ದು 2021ರ ಕರಡು ಕ್ರಿಮಿನಲ್ ಪ್ರಾಕ್ಟೀಸ್ ನಿಯಮಗಳು. ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ, ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ 2021ರ ಏಪ್ರಿಲ್ 20ರಂದು ಅದಕ್ಕೆ ಅಂತಿಮ ರೂಪ ಕೊಟ್ಟು, ಎಲ್ಲ ಹೈಕೋರ್ಟ್‌ಗಳೂ ಆರು ತಿಂಗಳೊಳಗೆ ತಮ್ಮ ನಿಯಮಗಳಲ್ಲಿ ಇವನ್ನು ಸೇರಿಸಿಕೊಳ್ಳಬೇಕೆಂದು ಆದೇಶಿಸಿತು.

ಹೈಕೋರ್ಟ್‌ಗಳೇ ಏಕೆ ಎಂದರೆ, ವಿಚಾರಣಾ ನ್ಯಾಯಾಲಯದ ದಿನನಿತ್ಯದ ನಡೆಗೆ ನಿಯಮ ಮಾಡುವ ಅಧಿಕಾರವನ್ನು ಸಂವಿಧಾನದ 227ನೇ ಅನುಚ್ಛೇದ ಅವುಗಳಿಗೆ ಕೊಟ್ಟಿದೆ. ಅದಕ್ಕೆ ರಾಜ್ಯಪಾಲರ ಪೂರ್ವಾನುಮೋದನೆ ಬೇಕು. ನಮ್ಮ ರಾಜ್ಯದಲ್ಲಿ ಹಾಗೆ ಬಂದದ್ದು 1968ರ ಕರ್ನಾಟಕ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್. ಸಂಹಿತೆಯ ಕಲಮುಗಳನ್ನು ಕಂಠಪಾಠ ಮಾಡುವ ಕಿರಿಯ ವಕೀಲರು ಈ ತೆಳುವಾದ ನಿಯಮ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು ಕಡಿಮೆ. ಆದರೆ ಕೆಳ ನ್ಯಾಯಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವುದೆಲ್ಲ ಇಂಥ ನಿಯಮಗಳ ಮೇಲೆಯೇ.

ಹೊಸ ನಿಯಮಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನಾಲ್ಕನೆಯ ನಿಯಮದ ವಿವರಣೆ. ಆರೋಪಿಗೆ ಕೊಡುವ ಪಟ್ಟಿಯಲ್ಲಿ ತನಿಖಾಧಿಕಾರಿ ನೆಚ್ಚಿಕೊಳ್ಳದ ಹೇಳಿಕೆಗಳು, ದಾಖಲೆಗಳು, ಮುದ್ದೆಮಾಲುಗಳು (ಜಪ್ತಿಯಾದ ವಸ್ತುಗಳು) ಕೂಡ ನಮೂದಾಗಬೇಕು ಎಂದು ಅದು ಹೇಳುತ್ತದೆ. ಗಮನಿಸಿ, ಅವುಗಳ ಪ್ರತಿಯನ್ನಲ್ಲ, ಪಟ್ಟಿಯನ್ನು ಮಾತ್ರ ಕೊಡಬೇಕು. ಇಂಥದ್ದೊಂದು ವಸ್ತು ಪೊಲೀಸರ ವಶದಲ್ಲಿದೆ ಎಂದು ಗೊತ್ತಾದರೆ, ಅದನ್ನು ತರಿಸಿ ಎಂದು ನ್ಯಾಯಾಲಯವನ್ನು ಕೇಳಬಹುದು. ಇದೆ ಎಂಬುದೇ ಗೊತ್ತಿಲ್ಲದಿದ್ದರೆ ಏನೆಂದು ಅರ್ಜಿ ಹಾಕುವುದು? ಆ ಬೇಕರಿಯ ಪೆಟ್ಟಿಗೆ ಪಟ್ಟಿಯ ಕೊನೆಯ ಸಾಲಾಗಿ ಬಂದಿದ್ದರೆ ಸಾಕಿತ್ತು.

ಈ ವಿಚಾರದ ಬೇರು ಬೆಂಗಳೂರಿನಲ್ಲಿಯೇ ಇದೆ. ತಮಿಳುನಾಡಿನಿಂದ ಇಲ್ಲಿನ ವಿಶೇಷ ನ್ಯಾಯಾಲಯಕ್ಕೆ ವರ್ಗವಾಗಿದ್ದ ಅಕ್ರಮ ಆಸ್ತಿ ಮೊಕದ್ದಮೆಯಲ್ಲಿ, ತನಿಖೆಯ ವೇಳೆ ವಶಪಡಿಸಿಕೊಂಡು ನ್ಯಾಯಾಲಯಕ್ಕೆ ಸಲ್ಲಿಸಿಯೂ ನಿಶಾನೆಯಾಗದೆ, ಅಂದರೆ ಸಾಕ್ಷ್ಯವೆಂದು ಗುರುತಿನ ಸಂಖ್ಯೆ ಪಡೆಯದೆ, ಉಳಿದಿದ್ದ ದಾಖಲೆಗಳನ್ನು ನೋಡಲು ಜಯಲಲಿತಾ ಅವರ ಸಹ ಆರೋಪಿ ವಿ.ಕೆ. ಶಶಿಕಲಾ ಅನುಮತಿ ಕೇಳಿದ್ದರು. ಇಲ್ಲಿ ಸಿಗಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಪರಿಶೀಲನೆಯ ಅವಕಾಶ ಕೊಟ್ಟಿತು. ಆರೋಪಿ ಯಾರು, ಆರೋಪ ಎಂಥದ್ದು ಎಂಬುದನ್ನು ಬದಿಗಿಟ್ಟು ಓದಬೇಕಾದ ತೀರ್ಪು ಅದು. ಪ್ರಬಲರಿಗೆ ಹಿರಿಯ ವಕೀಲರ ಮೂಲಕ ದೊರೆತ ಹಕ್ಕು, ಕಾನೂನು ನೆರವಿನ ವಕೀಲರನ್ನು ನಂಬಿ ಕಟಕಟೆಯಲ್ಲಿ ನಿಂತ ಕೂಲಿಕಾರನಿಗೂ ಕೇಳದೆಯೇ ಸಿಗುವಂತೆ ಮಾಡಿದ್ದು 2021ರ ನಿಯಮ.

"ನಮ್ಮ ಹೈಕೋರ್ಟ್ ನಿಯಮ ತಿದ್ದಿದೆಯೇ, ಗೆಜೆಟ್‌ನಲ್ಲಿ ಬಂದಿದೆಯೇ" ಎಂಬ ಪ್ರಶ್ನೆಯನ್ನು ಮುಂದಿಟ್ಟು ಈ ಪಟ್ಟಿಯನ್ನು ತಳ್ಳಿಹಾಕುವವರಿದ್ದಾರೆ. 2022ರ ಪೊನ್ನುಸಾಮಿ ಪ್ರಕರಣದಲ್ಲಿ ಇದೇ ತಕರಾರು ಸುಪ್ರೀಂ ಕೋರ್ಟ್ ಮುಂದೆ ಬಂತು. ನಿಯಮ ಅಳವಡಿಕೆ ತಡವಾಯಿತೆಂಬ ಕಾರಣಕ್ಕೆ ಆರೋಪಿಯ ಹಕ್ಕು ಕಾಯುತ್ತ ಕೂರಬೇಕಾಗಿಲ್ಲ ಎಂಬುದು ಬಹುಮತದ ನಿಲುವು. 2025ರಲ್ಲಿ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪ್ರಕರಣಗಳಿಗೂ ನ್ಯಾಯಾಲಯ ಇದನ್ನು ವಿಸ್ತರಿಸಿತು. ಆದ್ದರಿಂದ ಸಂಹಿತೆ ಬದಲಾಯಿತು, ಹಾಗಾಗಿ ಹಳೆಯ ಕರಡು ಹೋಯಿತು ಎಂಬ ವಾದದಲ್ಲಿ ಹುರುಳಿಲ್ಲ.

ಇನ್ನು ಸ್ಥಳ ಮಹಜರು. ತನಿಖಾಧಿಕಾರಿ ಕೃತ್ಯದ ಸ್ಥಳದ ನಕ್ಷೆಯನ್ನು ಕೈಯಿಂದ ಬರೆದು ಮಹಜರಿಗೆ ಲಗತ್ತಿಸಬೇಕು, ಆಮೇಲೆ ಅಳತೆಯ ನಕ್ಷೆ ಆಗಬೇಕು ಎನ್ನುತ್ತದೆ ನಿಯಮ. ನಮ್ಮಲ್ಲಿ ಅಳತೆಯ ನಕ್ಷೆಯನ್ನು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬರೆಯುತ್ತಾರೆ. ಅವರು ಹೋಗುವುದು ಘಟನೆ ನಡೆದು ವಾರಗಳಾದ ಮೇಲೆ. ಕೈ ನಕ್ಷೆಯಲ್ಲಿ ಗೋಡೆ, ಬೇಲಿ, ಮರ, ರಕ್ತದ ಕಲೆ ಇವೆಲ್ಲದರ ಜೊತೆ ಬೆಳಕಿನ ಮೂಲ ಎಲ್ಲಿತ್ತು ಎಂಬುದನ್ನೂ ತೋರಿಸಬೇಕು. ಈ ಕೊನೆಯ ಮಾತನ್ನು ಬರೆದವರು ನ್ಯಾಯಾಲಯದಲ್ಲಿ ಬೆಂದವರೇ ಇರಬೇಕು. ರಾತ್ರಿ ನಡೆದ ಪ್ರಕರಣಗಳಲ್ಲಿ "ಬೀದಿ ದೀಪದ ಬೆಳಕಿನಲ್ಲಿ ಆರೋಪಿಯನ್ನು ಗುರುತಿಸಿದೆ" ಎಂಬ ವಾಕ್ಯ ಸಾಕ್ಷಿಗಳ ಹೇಳಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕಂಬ ಎಲ್ಲಿತ್ತು, ಎಷ್ಟು ದೂರ, ದೀಪದ ಮುಂದೆ ಮರದ ಕೊಂಬೆ ಇತ್ತೇ ಎಂದರೆ ನಕ್ಷೆಯಲ್ಲಿ ಕಂಬವೇ ಇರುವುದಿಲ್ಲ. ಆಗ ಆ ದಿನ ವಿದ್ಯುತ್ ಇತ್ತೆಂದು ಬೆಸ್ಕಾಂ ಅಥವಾ ಹೆಸ್ಕಾಂನಿಂದ ಒಂದು ಪತ್ರ ತಂದಿಡುತ್ತಾರೆ. ಊರಿಗೆ ಕರೆಂಟ್ ಇತ್ತು ಎಂಬುದಕ್ಕೂ ಆ ಕಂಬದ ದೀಪ ಉರಿಯುತ್ತಿತ್ತು ಎಂಬುದಕ್ಕೂ ಅಜಗಜಾಂತರ.

ಸಾಕ್ಷ್ಯ ಬರೆದುಕೊಳ್ಳುವ ನಿಯಮಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಕ್ಷಿಯ ನುಡಿಯನ್ನು ಅವರ ಭಾಷೆಯಲ್ಲಿ ದಾಖಲಿಸಬೇಕು, ಪ್ಯಾರಾಗಳಿಗೆ ಸಂಖ್ಯೆ ಕೊಡಬೇಕು, ನ್ಯಾಯಾಧೀಶರೇ ಓದಿ ಹೇಳಬೇಕು, ಅದೇ ದಿನ ಅದರ ಪ್ರತಿಯನ್ನು ಶುಲ್ಕವಿಲ್ಲದೆ ಆರೋಪಿಗೆ ಅಥವಾ ಅವರ ವಕೀಲರಿಗೆ, ಸಾಕ್ಷಿಗೆ ಮತ್ತು ಅಭಿಯೋಜಕರಿಗೆ (ಸರ್ಕಾರದ ಪರ ವಕೀಲರಿಗೆ) ಕೊಡಬೇಕು. ಒಬ್ಬ ನ್ಯಾಯಾಧೀಶರು ಏಕಕಾಲಕ್ಕೆ ಎರಡು ಪ್ರಕರಣಗಳಲ್ಲಿ ಸಾಕ್ಷ್ಯ ದಾಖಲಿಸುವಂತಿಲ್ಲ. ಅಗತ್ಯವಿದ್ದಲ್ಲಿ ಪ್ರಶ್ನೋತ್ತರ ರೂಪದಲ್ಲಿಯೇ ಬರೆಯಬೇಕು.

ಈ ಕೊನೆಯದರ ಬೆಲೆ ಕನ್ನಡದ ಸಾಕ್ಷ್ಯ ಓದಿದವರಿಗೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ನ್ಯಾಯಾಲಯಗಳಲ್ಲಿ ಪಾಟೀಸವಾಲು ಇಳಿಯುವುದು "ಎಂದರೆ ಸರಿ", "ಎಂದರೆ ಸರಿಯಲ್ಲ" ಎಂಬ ಎರಡು ಅಚ್ಚುಗಳಲ್ಲಿ. ವಕೀಲರು "ಆ ಹೊತ್ತಿಗೆ ಕತ್ತಲಾಗಿತ್ತಲ್ಲವೇ?" ಎನ್ನುತ್ತಾರೆ. ಹಳ್ಳಿಯ ಹೆಣ್ಣುಮಗಳೊಬ್ಬಳು "ಮಬ್ಬುಗತ್ತಲಾಗಿತ್ತು ಸ್ವಾಮಿ, ಆದರೆ ಮುಖ ಕಾಣುತ್ತಿತ್ತು" ಎನ್ನುತ್ತಾಳೆ. ದಾಖಲೆಯಲ್ಲಿ ಉಳಿಯುವುದು "ಘಟನೆಯ ವೇಳೆಗೆ ಕತ್ತಲಾಗಿತ್ತು ಎಂದರೆ ಸರಿ" ಎಂಬ ಸಾಲು. ಕೊನೆಗೆ "ಓದಿ ಹೇಳಿ ಕೇಳಲಾಯಿತು, ಸರಿ ಇದೆ" ಎಂಬ ಷರಾ, ಅದರ ಕೆಳಗೆ ಅವಳ ಹೆಬ್ಬೆಟ್ಟು. ಎಷ್ಟೋ ಬಾರಿ ಯಾರೂ ಓದಿ ಹೇಳಿರುವುದಿಲ್ಲ. ವರ್ಷಗಳ ನಂತರ ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳು ಓದುವುದು ಆ ಒಂದು ಸಾಲನ್ನು. ಆ ಹೆಣ್ಣುಮಗಳು ಕಂಡ ಮುಖ ಅಲ್ಲಿರುವುದಿಲ್ಲ. ಆರೋಪಿಯ ಪರ ವಕೀಲನಾದ ನನಗೆ ಅಂಥ ಸಾಲಿನಿಂದ ಲಾಭವಾಗಿದ್ದೂ ಉಂಟು. ಆದರೂ ಅದು ಸರಿಯಲ್ಲ ಎಂದೇ ಹೇಳುತ್ತೇನೆ. ಇವತ್ತು ನನ್ನ ಕಕ್ಷಿಗಾರನಿಗೆ ಒದಗಿದ ತಪ್ಪು ದಾಖಲೆ ನಾಳೆ ಇನ್ನೊಬ್ಬ ಅಮಾಯಕನ ಕೊರಳಿಗೆ ಬೀಳುತ್ತದೆ.

ಗುರುತಿನ ಸಂಖ್ಯೆಗಳ ವಿಷಯದಲ್ಲಿ ನಮಗೆ ಹೊಸದು ಹೆಚ್ಚಿಲ್ಲ. ಅಭಿಯೋಜನೆಯ ಸಾಕ್ಷಿ ಪಿ.ಡಬ್ಲ್ಯು. 1, ದಾಖಲೆ ನಿಶಾನೆ ಪಿ. 1 ಎಂಬ ಪದ್ಧತಿ ಇಲ್ಲಿ ರೂಢಿಯಲ್ಲಿದೆ. ಒಂದು ತೊಡಕು ಮಾತ್ರ ಇದೆ. ಕರ್ನಾಟಕದಲ್ಲಿ ಸಿ.ಡಬ್ಲ್ಯು. ಎಂದರೆ ದೋಷಾರೋಪಣ ಪಟ್ಟಿಯಲ್ಲಿ ಹೆಸರಿಸಿದ ಸಾಕ್ಷಿ, ಕನ್ನಡದಲ್ಲಿ ಚಾ.ಸಾ. ಎಂದು ಬರೆಯುತ್ತೇವೆ. ಕರಡು ನಿಯಮದಲ್ಲಿ ಅದೇ ಅಕ್ಷರಗಳಿಗೆ ನ್ಯಾಯಾಲಯವೇ ಕರೆಸಿದ ಸಾಕ್ಷಿ ಎಂಬ ಅರ್ಥ. ಹೊರರಾಜ್ಯದ ತೀರ್ಪು ಓದುವಾಗ ಎಚ್ಚರವಿರಲಿ.

ಜಾಮೀನಿನ ವಿಷಯಕ್ಕೆ ಬಂದರೆ, ಜಾಮೀನುರಹಿತ ಅಪರಾಧಗಳಲ್ಲಿ ಅರ್ಜಿ ಮೊದಲು ವಿಚಾರಣೆಗೆ ಬಂದ ದಿನದಿಂದ ಸಾಮಾನ್ಯವಾಗಿ 3ರಿಂದ 7 ದಿನಗಳಲ್ಲಿ ಇತ್ಯರ್ಥವಾಗಬೇಕು, ಆಗದಿದ್ದರೆ ಆದೇಶದಲ್ಲಿಯೇ ಕಾರಣ ಬರೆಯಬೇಕು ಎಂದಿದೆ. 2022ರ ಜುಲೈನ ಸತೇಂದರ್ ಕುಮಾರ್ ಅಂಟಿಲ್ ತೀರ್ಪು ಎರಡು ವಾರದ ಮಿತಿ ಹೇಳಿತು, ನಿರೀಕ್ಷಣಾ ಜಾಮೀನಿಗೆ ಆರು ವಾರ. ಅಭಿಯೋಜಕರ ತಕರಾರು ಬಂದಿಲ್ಲವೆಂದು ವಾಯಿದೆಯ ಮೇಲೆ ವಾಯಿದೆ ಬೀಳುವಾಗ ಈ ಎರಡನ್ನೂ ಲಿಖಿತವಾಗಿ ನ್ಯಾಯಾಲಯದ ಗಮನಕ್ಕೆ ತರಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಆದೇಶ ಹಾಳೆಗೆ ಏರುವುದಿಲ್ಲ.

ಆ ಬೇಕರಿ ಪ್ರಕರಣದ ನಂತರ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಪ್ರತಿಗಳನ್ನು ಕೊಡುವ ದಿನ ಬೆಂಚ್ ಕ್ಲರ್ಕ್ ಆದೇಶ ಹಾಳೆಯನ್ನು ಮುಂದೆ ಚಾಚಿ, ಎಲ್ಲ ಪ್ರತಿಗಳೂ ತಲುಪಿವೆ ಎಂಬುದಕ್ಕೆ ಆರೋಪಿಯ ಸಹಿ ಕೇಳುತ್ತಾರೆ. ಗಡಿಬಿಡಿಯಲ್ಲಿ ಎಲ್ಲರೂ ಸಹಿ ಹಾಕಿಬಿಡುತ್ತಾರೆ. ಈಗ ನಾನು ಒಂದು ನಿಮಿಷ ತಡೆಯುತ್ತೇನೆ. ನೆಚ್ಚಿಕೊಳ್ಳದ ದಾಖಲೆಗಳ ಪಟ್ಟಿ ಕೊಡಿಸಬೇಕೆಂಬ ಒಂದು ಪುಟದ ಮೆಮೊ ಚೀಲದಲ್ಲಿ ಸಿದ್ಧವಿರುತ್ತದೆ, ಅದನ್ನು ಸಲ್ಲಿಸುತ್ತೇನೆ. ಆಮೇಲೆ ಸಹಿಯ ಪಕ್ಕದಲ್ಲಿ, ಪಟ್ಟಿ ಇನ್ನೂ ಬಂದಿಲ್ಲ ಎಂದು ಆರೋಪಿಯ ಕೈಯಿಂದಲೇ ಬರೆಸುತ್ತೇನೆ.