ಕೆಮ್ಮಣ್ಣಿನಲ್ಲಿ ಕಬ್ಬಿಣವಿದೆ, ಗುಲಾಬಿಗೆ ಯಾಕೆ ಸಿಗುವುದಿಲ್ಲ?

ಬೆಂಗಳೂರು, ಕೋಲಾರ, ತುಮಕೂರು ಕಡೆಯ ಮಣ್ಣು ಕೆಂಪಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ. ಆದರೂ ಇದೇ ಮಣ್ಣಿನಲ್ಲಿ, ಮನೆ ಮುಂದೆ ನೆಟ್ಟ ಗುಲಾಬಿಗೆ ಎಷ್ಟೋ ಸಲ ಕಬ್ಬಿಣದ ಕೊರತೆ ಬರುತ್ತದೆ. ವಿಚಿತ್ರ ಅಲ್ವಾ?

ಕೊರತೆಯನ್ನು ಗುರುತಿಸಲು ತುದಿಯ ಚಿಗುರೆಲೆ ನೋಡಿ. ಎಲೆಯೆಲ್ಲ ಹಳದಿಯಾಗಿ ನರಗಳು ಮಾತ್ರ ಹಸಿರಾಗಿರುತ್ತವೆ. ಬುಡದ ಹಳೆ ಎಲೆಗಳಿಗೆ ಏನೂ ಆಗಿರುವುದಿಲ್ಲ. ಒಮ್ಮೆ ಎಲೆ ಸೇರಿದ ಕಬ್ಬಿಣ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಹಾಗಾಗಿ ಹೊಸ ಎಲೆಯೇ ಮೊದಲು ಸೊರಗುತ್ತದೆ. ಸಾರಜನಕ ಕಡಿಮೆಯಾದರೆ ಉಲ್ಟಾ. ಗಿಡ ಹಳೆ ಎಲೆಯಲ್ಲಿದ್ದದ್ದನ್ನು ತೆಗೆದು ಚಿಗುರಿಗೆ ಕೊಡುತ್ತದೆ, ಹಳೆ ಎಲೆ ಹಳದಿಯಾಗುತ್ತದೆ.

ಮನೆ ಸುತ್ತಲಿನ ಮಣ್ಣಿನಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ಸುಣ್ಣ. ಮನೆ ಕಟ್ಟಿದ ಮೇಲೆ ಉಳಿದ ಗಾರೆ, ಸಿಮೆಂಟ್ ಚೂರುಗಳೆಲ್ಲ ಕಾಂಪೌಂಡ್ ಪಕ್ಕದಲ್ಲೇ ಹೂತಿರುತ್ತವೆ. ಮೇಲೆ ಒಂದಿಷ್ಟು ಕೆಮ್ಮಣ್ಣು ಹರಡಿದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಗುಲಾಬಿಗೆ ಸ್ವಲ್ಪ ಹುಳಿ ಮಣ್ಣು, ಅಂದರೆ ಪಿಎಚ್ 6ರಿಂದ 6.5 ಇದ್ದರೆ ಹಿತ. ಪಿಎಚ್ ಅಂದರೆ ಹುಳಿ ಅಳೆಯುವ ಅಂಕ, 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಸುಣ್ಣ ಸೇರಿದ ಮಣ್ಣಿನಲ್ಲಿ ಅದು ಸುಲಭವಾಗಿ 8ರ ಹತ್ತಿರ ಹೋಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿರುವ ಫೆರಿಕ್ ಅಯಾನುಗಳು, ಅಂದರೆ ಕರಗಿದ ಕಬ್ಬಿಣದ ಕಣಗಳು, ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತವೆ. ಕಬ್ಬಿಣ ಮಣ್ಣಿನಲ್ಲೇ ಇರುತ್ತದೆ, ಆದರೆ ಕರಗುವುದಿಲ್ಲ.

ಬೇರು ಸುಮ್ನೆ ಕೂರುವುದಿಲ್ಲ. ತನ್ನ ಸುತ್ತ ಆಮ್ಲ ಬಿಡುತ್ತದೆ, ಫೆರಿಕ್ ಕಬ್ಬಿಣವನ್ನು ಸುಲಭವಾಗಿ ಕರಗುವ ಫೆರಸ್ ರೂಪಕ್ಕೆ ಬದಲಿಸಿ ಒಳಗೆಳೆದುಕೊಳ್ಳುತ್ತದೆ. ಸುಣ್ಣ ಆ ಆಮ್ಲವನ್ನು ಅಲ್ಲಲ್ಲೇ ತಿಂದುಹಾಕುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬನೇಟ್ ಮಾಡುವುದೂ ಇದನ್ನೇ. ಇಂಥ ಮಣ್ಣಿಗೆ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ಸುರಿದರೂ ಸ್ವಲ್ಪ ದಿನಗಳಲ್ಲೇ ಅದೂ ಕರಗದ ರೂಪಕ್ಕೆ ತಿರುಗುತ್ತದೆ. ಅಂಗಡಿಗೆ ಹೋಗಿ ಗೊಬ್ಬರ ತರುವ ಮೊದಲು ಮಣ್ಣನ್ನು ನೋಡಬೇಕು ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ನೋಡುವುದಕ್ಕೆ ಅಡುಗೆಮನೆಯ ವಿನೆಗರ್ ಸಾಕು. ನೆಡುವ ಜಾಗದಲ್ಲಿ ಒಂದಡಿ ಆಳದಿಂದ ಒಂದು ಚಮಚ ಮಣ್ಣು ತೆಗೆದು ಒಣಗಿಸಿ. ಬಿಳಿ ತಟ್ಟೆಯ ಮೇಲೆ ಹಾಕಿ ನಾಲ್ಕು ಹನಿ ಬಿಡಿ. ಸಣ್ಣ ಗುಳ್ಳೆಗಳು ಚುರುಚುರು ಎಂದು ಎದ್ದರೆ ಸುಣ್ಣವಿದೆ. ಆ ಗುಳ್ಳೆ ಇಂಗಾಲದ ಡೈಆಕ್ಸೈಡ್. ಗುಳ್ಳೆ ಜಾಸ್ತಿ ಬಂದರೆ ಆ ಮಣ್ಣನ್ನು ಸರಿಮಾಡಲು ಹೋಗಬೇಡಿ, ಒಂದೂವರೆ ಅಡಿ ಆಳಕ್ಕೆ ಅಗೆದು ಚೂರುಗಳ ಸಮೇತ ಹೊರಹಾಕಿ. ಗಂಧಕ ಹಾಕಿ ಪಿಎಚ್ ಇಳಿಸಬಹುದು ನಿಜ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನಿಧಾನಕ್ಕೆ ಗಂಧಕಾಮ್ಲ ಮಾಡುತ್ತವೆ. ಆದರೆ ಸುಣ್ಣದ ರಾಶಿ ಮುಗಿಯುವವರೆಗೂ ಆ ಆಮ್ಲವೆಲ್ಲ ಅದಕ್ಕೇ ಖರ್ಚಾಗುತ್ತದೆ.

ಗುಂಡಿ ತೋಡಿದ ಮೇಲೆ ಇನ್ನೊಂದು ಕೆಲಸವಿದೆ. ಅದರ ತುಂಬ ನೀರು ಹಾಕಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಬೆಳಗಾಗುವಷ್ಟರಲ್ಲಿ ನೀರು ಖಾಲಿಯಾಗದಿದ್ದರೆ ಅಲ್ಲಿ ನೆಡಬೇಡಿ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು, ಮತ್ತು ಆಮ್ಲಜನಕ ನೀರಿನೊಳಗೆ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಧಾರವಾಡ, ಗದಗ ಕಡೆಯ ಎರೆಮಣ್ಣಿನಲ್ಲಿ ಈ ತೊಂದರೆ ಜಾಸ್ತಿ. ಅಲ್ಲಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೆ ಅದು ಮಳೆಗಾಲದಲ್ಲಿ ತೂತಿಲ್ಲದ ಕುಂಡದಂತಾಗುತ್ತದೆ. ಅಲ್ಲಿ ಒಂದಡಿ ಎತ್ತರದ ಮಡಿ ಕಟ್ಟಿ ಮೇಲೆ ನೆಡುವುದೇ ಸರಿ.

ಗೊಬ್ಬರದ ವಿಷಯದಲ್ಲಿ ನನ್ನ ಹಟ ಒಂದೇ, ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಬೇಕು. ಹಿಡಿಯಲ್ಲಿ ಒತ್ತಿದರೆ ಪುಡಿಯಾಗಬೇಕು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹಸಿ ಸಗಣಿಯಿಂದ ಏಳುವ ಅಮೋನಿಯಾ ಎಳೆ ಬೇರನ್ನು ಸುಡುತ್ತದೆ. ಮರದ ಹೊಟ್ಟನ್ನು ಹಸಿಯಾಗಿ ಬೆರೆಸಿದರೂ ಕಷ್ಟ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಂಡು ಗಿಡಕ್ಕೆ ಉಪವಾಸ ಹಾಕುತ್ತವೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸಾಕು. ಮೂಳೆಪುಡಿಯನ್ನು ಹುಳಿ ಮಣ್ಣಿಗಷ್ಟೇ ಹಾಕಿ. ಪಿಎಚ್ 7 ದಾಟಿದರೆ ಅದರ ರಂಜಕ ಕರಗುವುದೇ ಕಷ್ಟ.

ಗುಂಡಿ ತುಂಬಿಸಿ ನೀರು ಹಾಕಿದ ಮೇಲೆ ಎರಡು ವಾರ ಬಿಡಿ, ಮಣ್ಣು ಕುಸಿದು ಕೂರಲಿ. ಅವಸರದಲ್ಲಿ ನೆಟ್ಟರೆ ಮಣ್ಣಿನ ಜೊತೆ ಗಿಡವೂ ಇಳಿದು, ಕಸಿಯ ಗಂಟು ಹೂತುಹೋಗುತ್ತದೆ. ಆ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಬೇಕು.