ರಿಪೋರ್ಟ್ ನಾರ್ಮಲ್, ಆದರೂ ಏಳಲಾಗದು: ಎಂಇ/ಸಿಎಫ್‌ಎಸ್ (ದೀರ್ಘಕಾಲದ ದಣಿವಿನ ಕಾಯಿಲೆ) ಬಗ್ಗೆ ಟಿಪ್ಪಣಿ

ಹೋದ ಕಾರ್ತಿಕದಲ್ಲಿ ನಮ್ಮ ಚಿಕ್ಕಮ್ಮ ಕಡಲೆಕಾಯಿ ಪರಿಷೆಗೆ ಹೋಗಿದ್ದರು. ರಾಮಕೃಷ್ಣ ಆಶ್ರಮದಿಂದ ದೊಡ್ಡ ಬಸವನ ಗುಡಿವರೆಗೆ ನಡೆದು, ಎರಡು ಸೇರು ಕಾಯಿ ಕೊಂಡು, ನಗುನಗುತ್ತಲೇ ಮನೆಗೆ ಬಂದರು. ಮೂರನೇ ದಿನ ಬೆಳಗ್ಗೆ ತಲೆ ಬಾಚಲು ಕೈ ಮೇಲೆತ್ತಲಾಗದೆ, ಬಾಚಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹದಿನೈದು ದಿನ ಹಾಗೇ ಕಳೆಯಿತು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಇಸಿಜಿ ಎಲ್ಲವೂ ಸರಿಯಾಗಿದ್ದವು.

ಫಿಸಿಯೋಥೆರಪಿ ಓದುತ್ತಿರುವ ನಾವು ಮೊದಲು ಹಿಡಿಯಬೇಕಾದದ್ದು ಇದನ್ನೇ. ಶ್ರಮಕ್ಕೂ ಕುಸಿತಕ್ಕೂ ನಡುವೆ ಸಾಮಾನ್ಯವಾಗಿ 12ರಿಂದ 48 ಗಂಟೆಗಳ ಅಂತರ ಇರುತ್ತದೆ. ಹೀಗೆ ತಡವಾಗಿ ಬರುವ ಕುಸಿತಕ್ಕೆ ಪಿಇಎಂ, ಅಂದರೆ ಶ್ರಮದ ನಂತರದ ಉಲ್ಬಣ ಎನ್ನುತ್ತಾರೆ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಂಇ/ಸಿಎಫ್‌ಎಸ್ ಗುರುತಿಸಲು ಕೊಟ್ಟ ಮಾನದಂಡದಲ್ಲಿ ಇದು ಕಡ್ಡಾಯ ಲಕ್ಷಣ. ಜೊತೆಗೆ ಆರು ತಿಂಗಳು ಮೀರಿದ, ಬದುಕನ್ನೇ ಕುಗ್ಗಿಸುವ ದಣಿವು ಮತ್ತು ಮಲಗೆದ್ದರೂ ಹೋಗದ ಆಯಾಸ ಇರಬೇಕು. ಇವುಗಳ ಮೇಲೆ ಮಂಕು ಕವಿದಂಥ ಯೋಚನೆ, ಇಲ್ಲವೇ ನಿಂತಾಗ ಹೆಚ್ಚುವ ತೊಂದರೆ, ಎರಡರಲ್ಲಿ ಒಂದಾದರೂ ಇರಬೇಕು.

ಕುರ್ಚಿಯಲ್ಲಿ ಕೂತವರಿಂದ ಒಮ್ಮೆ ತೆಗೆದ ರಕ್ತದಲ್ಲಿ ಇದು ಸಿಗದಿದ್ದರೆ ಆಶ್ಚರ್ಯವೇನಿಲ್ಲ. ದೇಹಕ್ಕೆ ಹೊರೆ ಕೊಟ್ಟು, ಆಮೇಲೆ ಅಳೆಯಬೇಕು. ಎರಡು ದಿನದ ಸಿಪಿಇಟಿ (ಶ್ರಮಪಡುವಾಗ ಹೃದಯ, ಶ್ವಾಸಕೋಶದ ಕೆಲಸ ಅಳೆಯುವ) ಪರೀಕ್ಷೆಯ ತಿರುಳು ಅದೇ: ಮುಖಕ್ಕೆ ಮಾಸ್ಕ್ ಕಟ್ಟಿ ಸೈಕಲ್ ತುಳಿಸಿ, 24 ಗಂಟೆ ಬಿಟ್ಟು ಮತ್ತೆ ತುಳಿಸುತ್ತಾರೆ. ವ್ಯಾಯಾಮವೇ ಮಾಡದ ಆರೋಗ್ಯವಂತರಿಗೂ ಎರಡೂ ದಿನದ ಅಂಕಿ ಹೆಚ್ಚುಕಡಿಮೆ ಒಂದೇ ಬರುತ್ತದೆ. ಈ ರೋಗಿಗಳಲ್ಲಿ ಅನೇಕರಿಗೆ ಎರಡನೇ ದಿನ ಏದುಸಿರು ಬಹಳ ಬೇಗ ಶುರುವಾಗುತ್ತದೆ, ತುಳಿಯುವ ಶಕ್ತಿ ಇಳಿಯುತ್ತದೆ. ಹಾಗಾಗಿ 'ಮಲಗಿ ಮಲಗಿ ಮೈ ಜಡ್ಡುಗಟ್ಟಿದೆ' ಎನ್ನುವ ವಿವರಣೆ ಸಾಲದು. ಆದರೆ ಈ ಪರೀಕ್ಷೆಯೇ ರೋಗಿಯನ್ನು ವಾರಗಟ್ಟಲೆ ಹಾಸಿಗೆ ಹಿಡಿಸಬಹುದು. ನನಗಂತೂ ಚಿಕ್ಕಮ್ಮನನ್ನು ಅದಕ್ಕೆ ಒಡ್ಡಲು ಮನಸ್ಸಾಗದು.

ಹೊರೆಯನ್ನು ಮನುಷ್ಯನ ಬದಲು ಅವನ ರಕ್ತಕ್ಕೆ ಕೊಟ್ಟರೆ? 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ರಾನ್ ಡೇವಿಸ್ ತಂಡ ಮಾಡಿದ್ದು ಇದನ್ನೇ. ಡೇವಿಸ್ ಅವರ ಮಗನಿಗೇ ಈ ಕಾಯಿಲೆ ತೀವ್ರವಾಗಿದೆ. ರಕ್ತಕಣಗಳಿಗೆ ಉಪ್ಪು ಬೆರೆಸಿ ಒತ್ತಡ ಕೊಟ್ಟು, ಪುಟ್ಟ ಚಿಪ್‌ನ ಮೇಲೆ ವಿದ್ಯುತ್ ಪ್ರತಿರೋಧ ಅಳೆದರು. 20 ರೋಗಿಗಳ ಮಾದರಿಯಲ್ಲಿ ಅದು ಏರಿತು, 20 ಆರೋಗ್ಯವಂತರಲ್ಲಿ ಹಾಗೆ ಏರಲಿಲ್ಲ. ಇಲ್ಲಿ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದುಕೊಳ್ಳಿ: ಹೋಲಿಕೆ ನಡೆದದ್ದು ಆರೋಗ್ಯವಂತರ ಜೊತೆ. ಆದರೆ ಓಪಿಡಿಗೆ ಬರುವವರು ಆರೋಗ್ಯವಂತರಲ್ಲ. ಲೂಪಸ್, ಸಂಧಿವಾತ, ಖಿನ್ನತೆ ಇರುವವರಿಂದಲೂ ಇದನ್ನು ಬೇರ್ಪಡಿಸಿ ತೋರಿಸಿದರೆ ಮಾತ್ರ ಅದು ರೋಗನಿರ್ಣಯದ ಪರೀಕ್ಷೆ.

ನಮ್ಮ ಕೈಗೆಟುಕುವ ಪರೀಕ್ಷೆಯೂ ಒಂದಿದೆ. ಮಲಗಿಸಿ ನಾಡಿ ನೋಡಿ, ಆಮೇಲೆ ಗೋಡೆಗೆ ಒರಗಿಸಿ 10 ನಿಮಿಷ ನಿಲ್ಲಿಸಿ. ಬಿಪಿ ಇಳಿಯದೆ ನಾಡಿ ಮಾತ್ರ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿ ಹಾಗೇ ಉಳಿದರೆ ಪಾಟ್ಸ್, ಅಂದರೆ ನಿಂತಾಗ ನಾಡಿ ವಿಪರೀತ ಏರುವ ತೊಂದರೆ, ಇರಬಹುದು. ಈ ಕಾಯಿಲೆಯ ಜೊತೆ ಅದೂ ಹಲವರಲ್ಲಿ ಕಾಣುತ್ತದೆ. ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ.

'ದಿನಕ್ಕಿಷ್ಟು ನಡಿಗೆ ಹೆಚ್ಚಿಸಿ' ಎಂದು ಬರೆದುಕೊಡುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ. ಈ ಕಾಯಿಲೆಗೆ ಅಂಥ ವ್ಯಾಯಾಮ ಕೊಡಬಾರದೆಂದು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಚಿಕ್ಕಮ್ಮನಿಗೆ ಕೊನೆಗೆ ದಾರಿ ತೋರಿದ ವೈದ್ಯರು ಬರೆದುಕೊಟ್ಟದ್ದು ಒಂದು ಡೈರಿ: ಎಡಗಡೆ ಮಾಡಿದ ಕೆಲಸ, ಬಲಗಡೆ ಎರಡು ದಿನದ ನಂತರದ ಸ್ಥಿತಿ. ಈಗ ಅವರು ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಕೂತೇ ಒಗ್ಗರಣೆ ಹಾಕುತ್ತಾರೆ.