ಕೋರ್ಟಿನಲ್ಲಿ ಡಿವೋರ್ಸ್ ಆಗಿದೆ, ‘ಚರ್ಚ್ ಡಿವೋರ್ಸ್’ ಎಷ್ಟು ದಿನಕ್ಕೆ ಸಿಗುತ್ತದೆ?

ಪ್ರಶ್ನೆ: ನಾನು ಕ್ಯಾಥೋಲಿಕ್. ಕೋರ್ಟಿನಲ್ಲಿ ಡಿವೋರ್ಸ್ ಆಗಿದೆ. ಮರುಮದುವೆ ಚರ್ಚಿನಲ್ಲೇ ಆಗಬೇಕೆಂಬ ಆಸೆ. ಅದಕ್ಕೆ ಚರ್ಚ್ ಡಿವೋರ್ಸ್ ಬೇಕಂತೆ. ಅದು ಸಿಕ್ಕರೆ ನನ್ನ ಮಗಳು ಅಕ್ರಮ ಸಂತಾನ ಅನ್ನಿಸಿಕೊಳ್ಳುತ್ತಾಳೆಯೇ?

ಉತ್ತರ: ಚರ್ಚ್ ಡಿವೋರ್ಸ್ ಎಂಬುದೇ ಇಲ್ಲ. ಮದುವೆ ತಯಾರಿ ಶಿಬಿರಗಳಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತಲೆಯಾಡಿಸಿ ಕೇಳಿಸಿಕೊಂಡವರೇ ಕಾಫಿ ಹೊತ್ತಿಗೆ ಹತ್ತಿರ ಬಂದು, “ಆ ಚರ್ಚ್ ಡಿವೋರ್ಸ್‌ಗೆ ಎಷ್ಟು ಖರ್ಚಾಗುತ್ತೆ ಸರ್?” ಎನ್ನುತ್ತಾರೆ.

“ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು” ಎಂದದ್ದು ಯೇಸುಸ್ವಾಮಿ. ಮತ್ತಾಯನ ಶುಭಸಂದೇಶ, 19ನೇ ಅಧ್ಯಾಯ. ದೀಕ್ಷಾಸ್ನಾನ ಪಡೆದ ಇಬ್ಬರ ಮದುವೆ ಕ್ರಮವಾಗಿ ನಡೆದು, ದಾಂಪತ್ಯ ಶುರುವಾದ ಮೇಲೆ ಆ ಗಂಟನ್ನು ಬಿಚ್ಚಲು ಬಿಷಪರಿಗೂ ಅಧಿಕಾರವಿಲ್ಲ, ಪೋಪರಿಗೂ ಇಲ್ಲ. (ಪ್ರೊಟೆಸ್ಟೆಂಟ್ ಸಭೆಗಳ ನಿಯಮ ಬೇರೆ.)

ಹಾಗಾದರೆ ಜನ ‘ಚರ್ಚ್ ಡಿವೋರ್ಸ್’ ಎಂದು ಕರೆಯುವ ಅನಲ್ಮೆಂಟ್ ಎಂದರೇನು? ಡಿವೋರ್ಸ್ ಇದ್ದ ಮದುವೆಯನ್ನು ಮುರಿಯುತ್ತದೆ. ಅನಲ್ಮೆಂಟ್ ಏನನ್ನೂ ಮುರಿಯುವುದಿಲ್ಲ. ಹೂವು, ಉಂಗುರ, ಊಟ ಎಲ್ಲ ಇದ್ದರೂ ಅಂದು ಪೀಠದ ಮುಂದೆ ಗಂಟೇ ಬಿದ್ದಿರಲಿಲ್ಲ ಎಂದು ವಿಚಾರಣೆ ಮಾಡಿ ಹೇಳುತ್ತದೆ. ಅದಕ್ಕೇ ಧರ್ಮಸಭೆಯ, ಅಂದರೆ ಕ್ಯಾಥೋಲಿಕ್ ಚರ್ಚಿನ, ನ್ಯಾಯಮಂಡಳಿ ಮದುವೆಯ ದಿನವನ್ನೂ ಅದರ ಹಿಂದಿನ ದಿನಗಳನ್ನೂ ಕೆದಕುತ್ತದೆ. ಅಪ್ಪ ಹೆದರಿಸಿ ಒಪ್ಪಿಸಿದ್ದರೇ? ಒಬ್ಬರು ಮಕ್ಕಳೇ ಬೇಡವೆಂದು ಮೊದಲೇ ನಿಶ್ಚಯಿಸಿಕೊಂಡಿದ್ದರೇ? ಹಳೆಯ ಮದುವೆಯೊಂದನ್ನು ಮುಚ್ಚಿಟ್ಟಿದ್ದರೇ? ಸಾಕ್ಷಿ ಹೇಳಲು ಅಮ್ಮನನ್ನೋ ಹಳೆಯ ಗೆಳತಿಯನ್ನೋ ಕರೆಸುವುದು ಇದಕ್ಕೇ. ಆ ಮದುವೆ ಸಿಂಧುವೇ ಇರಬಹುದು ಎಂದು ವಾದಿಸುವುದಕ್ಕೇ ಅಲ್ಲಿ ಒಬ್ಬರು ಇರುತ್ತಾರೆ. “ಐದು ವರ್ಷ ಚೆನ್ನಾಗಿದ್ದೆವು, ಆಮೇಲೆ ಬೇರೆಯವಳ ಸಹವಾಸ ಮಾಡಿದ” ಎಂಬುದು ದೊಡ್ಡ ನೋವು, ನಿಜ. ಆದರೆ ಅಷ್ಟರಿಂದಲೇ ಮದುವೆ ಅಸಿಂಧುವಾಗುವುದಿಲ್ಲ.

ದುಡ್ಡಿದ್ದವರಿಗೆ ಸಿಗುತ್ತದೆ ಎನ್ನುವವರು ಇಂಗ್ಲೆಂಡಿನ ಎಂಟನೇ ಹೆನ್ರಿಯನ್ನು ನೆನೆಯಲಿ. ಅವನು ಕೇಳಿದ್ದೂ ಇದನ್ನೇ: ಅಣ್ಣನ ವಿಧವೆ ಕ್ಯಾಥರೀನಳ ಜೊತೆಗಿನ ಮದುವೆ ಮೊದಲಿನಿಂದಲೂ ಅಸಿಂಧು ಎಂದು ಸಾರಿ ಅಂತ. ರಾಜನಾದರೂ ರೋಮ್‌ನಿಂದ ಅದು ಸಿಗಲಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಪ್ರಕ್ರಿಯೆಯನ್ನು ಹಗುರ ಮಾಡಿದರು. ಎರಡನೇ ನ್ಯಾಯಮಂಡಳಿಯೂ ಒಪ್ಪಲೇಬೇಕೆಂಬ ನಿಯಮ ಹೋಯಿತು. ಗಂಟು ಬಿಚ್ಚಬಾರದೆಂಬ ಬೋಧನೆ ಇದ್ದಲ್ಲೇ ಇದೆ.

ಇನ್ನು ನಿಮ್ಮ ಮಗಳ ವಿಷಯ. ಅವಳು ಸಕ್ರಮ ಸಂತಾನವೇ. ಇಬ್ಬರಲ್ಲಿ ಒಬ್ಬರಾದರೂ ಇದು ನಿಜವಾದ ಮದುವೆ ಎಂದು ನಂಬಿ ಆಗಿದ್ದರೆ, ಮುಂದೆ ಅದು ಅಸಿಂಧು ಎಂದು ಘೋಷಣೆಯಾದರೂ ಮಕ್ಕಳ ಸ್ಥಾನ ಕದಲುವುದಿಲ್ಲ. ಧರ್ಮಸಭೆಯ ಕಾನೂನಿನ 1137ನೇ ವಿಧಿಯಲ್ಲೇ ಇದು ಬರೆದಿದೆ. ಈ ಭಯದಿಂದಲೇ ಎಷ್ಟೋ ತಾಯಂದಿರು ಅರ್ಜಿಯನ್ನೇ ಹಾಕದೆ ಉಳಿದಿದ್ದಾರೆ, ಅದು ನನಗೆ ತಡೆಯಲಾಗದ ಸಂಕಟ.

ನಿಮ್ಮ ಕೋರ್ಟಿನ ತೀರ್ಪು ವ್ಯರ್ಥವಲ್ಲ. ಬರೀ ನ್ಯಾಯಮಂಡಳಿಯ ತೀರ್ಪು ಸರ್ಕಾರದ ಲೆಕ್ಕದಲ್ಲಿ ಡಿವೋರ್ಸ್ ಆಗದು. ಚರ್ಚಿನ ತೀರ್ಪಿಗೂ ಕಾನೂನಿನ ಮಾನ್ಯತೆ ಬೇಕೆಂದು ಕೇಳಿದ್ದ ಕ್ಲಾರೆನ್ಸ್ ಪಾಯ್ಸ್ ಅವರ ಅರ್ಜಿಯನ್ನು 2017ರ ಜನವರಿಯಲ್ಲಿ ವಜಾ ಮಾಡಿದ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಮರುಮದುವೆಗೆ ಎರಡೂ ಬೇಕು. ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಡಿವೋರ್ಸ್ ಆಗಿದೆ ಎಂಬ ಒಂದೇ ಕಾರಣಕ್ಕೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತಪ್ಪುವುದಿಲ್ಲ. ತೊಡಕು ಬರುವುದು ಮೊದಲ ಗಂಟು ಇರುವಾಗಲೇ ಇನ್ನೊಂದು ಮದುವೆಯಾದಾಗ. ಹೊಡೆತ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ಹೊರಬಂದವಳು, ಅವರ ರಕ್ಷಣೆಗೆ ಬೇರೆ ದಾರಿಯಿಲ್ಲದೆ ಕೋರ್ಟಿಗೆ ಹೋದದ್ದು ಪಾಪವಲ್ಲ. ನಮ್ಮ ಚರ್ಚಿನಲ್ಲಿ ಒಬ್ಬ ಅಕ್ಕ ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಎಲ್ಲರೂ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಅವರು ಮೊಣಕಾಲೂರಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆ ತಗ್ಗಿಸಿರುತ್ತಿದ್ದರು. ಮರುಮದುವೆಯೂ ಇಲ್ಲ, ಏನೂ ಇಲ್ಲ. ಡಿವೋರ್ಸ್ ಆದವರು ಹೋಗಬಾರದು ಎಂದು ಯಾರೋ ಹೇಳಿದ್ದರಂತೆ. ಒಂದು ದಿನ ಫಾದರ್ ಹತ್ತಿರ ಕರೆದುಕೊಂಡು ಹೋದೆ. ಮುಂದಿನ ವಾರ ಅವರು ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು.